ಅನರ್ಥದಂಡವ್ರತ ಮತ್ತು ಒಂದು ಸ್ವಾಧ್ಯಾಯ ಮಂದಿರದ ಉಷ್ಣಭಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಗೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ರಾತ್ರಿಭೋಜನ ತ್ಯಾಗವನ್ನೂ ಕಂದಮೂಲ ತ್ಯಾಗವನ್ನೂ ಮನೆಯ ಮಕ್ಕಳು ಸಹ ಬಲ್ಲರು. ಆದರೆ ಪ್ರಯೋಜನವಿಲ್ಲದೆ ನಡೆಯುವ ಹಿಂಸೆಯನ್ನು ಆಚಾರ್ಯರು ಒಂದು ಪ್ರತ್ಯೇಕ ದೋಷವಾಗಿ ಏಕೆ ಎಣಿಸಿದರೆಂಬುದು ನಮ್ಮ ಸಭೆಗಳಲ್ಲಿ ಅಪರೂಪಕ್ಕೆ ಚರ್ಚೆಯಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನೆಲ, ನೀರು, ಬೆಂಕಿ, ಗಾಳಿ ಇವುಗಳಲ್ಲಿ ನಿಷ್ಫಲವಾಗಿ ಕೈಗೊಳ್ಳುವ ಆರಂಭವನ್ನು ಹೆಸರಿಸಿಯೇ ಹೇಳಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ನಾಲ್ಕನೆಯದು ಅಸಮೀಕ್ಷ್ಯಾಧಿಕರಣ, ಎಂದರೆ ಪ್ರಯೋಜನವನ್ನು ವಿಚಾರಿಸದೆ ಅಧಿಕವಾಗಿ ಮಾಡುವುದು. ಐದನೆಯದು ಉಪಭೋಗಪರಿಭೋಗಾನರ್ಥಕ್ಯ, ಎಂದರೆ ಬೇಕಾದುದಕ್ಕಿಂತ ಹೆಚ್ಚಾಗಿ ಭೋಗವಸ್ತುಗಳನ್ನು ಕೂಡಿಹಾಕುವುದು. ಈ ಎರಡು ಅತಿಚಾರಗಳು ಇಂದಿನ ದಿನ ಯಾವ ರೂಪದಲ್ಲಿ ಎದುರಾಗುತ್ತವೆಂಬುದಕ್ಕೆ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ನಡೆದ ಒಂದು ಸಣ್ಣ ಸಂಗತಿ ನಿದರ್ಶನವಾಗಿದೆ. ದೊಡ್ಡ ಘಟನೆಯೇನೂ ಅಲ್ಲ. ಒಂದು ಕೋಣೆಗೆ ಎಷ್ಟು ದೊಡ್ಡ ಹವಾನಿಯಂತ್ರಣ ಯಂತ್ರ ಬೇಕೆಂಬ ಪ್ರಶ್ನೆ.

ಕುರೆಕುಪ್ಪವು ತೋರಣಗಲ್ಲಿಗೆ ಹೊಂದಿಕೊಂಡಿರುವ ಊರು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಶಿಲಾನ್ಯಾಸವಾಗಿ, ಬಹಳ ವರ್ಷ ಕಲ್ಲು ಕಲ್ಲಾಗಿಯೇ ಉಳಿದು, 1994ರ ನಂತರ ಖಾಸಗಿ ಸಂಸ್ಥೆಯ ಕೈಯಲ್ಲಿ ಕೆಲಸ ಆರಂಭವಾದ ಮೇಲೆ ಈ ಊರಿನ ಚಹರೆಯೇ ಬದಲಾಯಿತು. ವ್ಯಾಪಾರಕ್ಕೆಂದು ಬಂದು ನೆಲೆಸಿದವರಲ್ಲಿ ಜೈನ ಸಹೋದರರಿಬ್ಬರ ಒಂದು ಕುಟುಂಬವೂ ಇದೆ. ಕೆಳಗೆ ಅಂಗಡಿ ಮತ್ತು ಗೋದಾಮು. ಮೇಲಿನ ಅಂತಸ್ತಿನಲ್ಲಿ 40 ಅಡಿ ಉದ್ದ, 25 ಅಡಿ ಅಗಲದ ಒಂದು ಹಜಾರ. ಸಮೀಪದ ಊರುಗಳ ಸಮಾಜಬಾಂಧವರಿಗೆ ಸ್ವಾಧ್ಯಾಯಕ್ಕೆಂದು ಈ ಹಜಾರವನ್ನು ಬಿಟ್ಟುಕೊಟ್ಟಿದ್ದಾರೆ. ಪ್ರತಿದಿನ ಸಂಜೆ ಇಪ್ಪತ್ತು ಇಪ್ಪತ್ತೈದು ಮಂದಿ ಸೇರುತ್ತಾರೆ. ಅವರಲ್ಲಿ ಹೆಚ್ಚಿನವರು ವೃದ್ಧರು.

ಬೇಸಿಗೆಯಲ್ಲಿ ಆ ಹಜಾರದಲ್ಲಿ ಕುಳಿತುಕೊಳ್ಳುವುದು ಕಷ್ಟ. ಬಳ್ಳಾರಿ ಸೀಮೆಯ ಮೇ ತಿಂಗಳಿನ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಸೂರ್ಯ ಮುಳುಗಿದ ಮೇಲೂ ಆ ಕೋಣೆ ಹೊರಗಿನ ಅಂಗಳಕ್ಕಿಂತ ಬಿಸಿಯಾಗಿರುತ್ತಿತ್ತು. ಒಂದು ಏಪ್ರಿಲ್‌ನಲ್ಲಿ ಸ್ವಾಧ್ಯಾಯದ ನಡುವೆಯೇ ಸಹೋದರರ ತಾಯಿ ಪ್ರಜ್ಞೆ ತಪ್ಪಿ ಒರಗಿದರು. ಆಕೆಗೆ ಎಂಬತ್ತು ದಾಟಿದೆ. ಅಂದಿನಿಂದ ಯಂತ್ರದ ಮಾತು ಮನೆಯಲ್ಲಿ ಬಂದಿತು.

ಅಣ್ಣನವರು ಭೋಗೋಪಭೋಗ ಪರಿಮಾಣವ್ರತವನ್ನು ಕ್ರಮವಾಗಿ ಪಾಲಿಸುವವರು. ಉಷ್ಣವೂ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು, ಶಾಸ್ತ್ರ ಕೇಳುವ ಸ್ಥಳದಲ್ಲಿ ತಂಪನ್ನು ಬಯಸುವುದೇ ಸಲ್ಲದು ಎಂಬುದು ಅವರ ಮೊದಲ ನಿಲುವು. ಅದಕ್ಕೆ ತಮ್ಮ, “ಪರೀಷಹ ಮುನಿಗಳಿಗೆ ಅಣ್ಣಾ, ಅವ್ವನಿಗಲ್ಲ” ಎಂದ. ಈ ಮಾತಿಗೆ ಅಣ್ಣನವರಲ್ಲಿ ಉತ್ತರವಿರಲಿಲ್ಲ. ಪರೀಷಹಜಯವು ತಾನಾಗಿ ಸ್ವೀಕರಿಸಿದ ತಪಸ್ಸು. ಇನ್ನೊಬ್ಬರ ಮೇಲೆ, ಅದರಲ್ಲೂ ವೃದ್ಧರ ಮೇಲೆ, ಹೇರಿದರೆ ಅದು ಹಿಂಸೆಯೇ ಆಗುತ್ತದೆ. ಅಲ್ಲಿಗೆ ಯಂತ್ರ ಬೇಕೇ ಬೇಡವೇ ಎಂಬ ವಾದ ಮುಗಿದು, ಎಷ್ಟು ಬೇಕೆಂಬ ಪ್ರಶ್ನೆ ಉಳಿಯಿತು.

ಗುತ್ತಿಗೆದಾರರೊಬ್ಬರು ಬಂದು ಹಜಾರವನ್ನು ಒಮ್ಮೆ ಸುತ್ತಿ ನೋಡಿ, ಐದು ನಿಮಿಷದಲ್ಲಿ 12 ಟನ್ ಎಂದು ಹೇಳಿದರು. ನೂರು ಚದರಡಿಗೆ ಒಂದು ಟನ್ನಿನಂತೆ 10. ಬಳ್ಳಾರಿಯ ಬಿಸಿಲು, ಮೇಲಂತಸ್ತು, ಆದ್ದರಿಂದ ಇನ್ನೆರಡು. ಇದು ಆ ಕಸುಬಿನಲ್ಲಿ ರೂಢಿಯ ಲೆಕ್ಕ. ದೂರದ ಊರಿನ ಬಂಧುಗಳೊಬ್ಬರು ಅಷ್ಟೂ ಯಂತ್ರಗಳನ್ನು ತಮ್ಮ ತಂದೆಯವರ ಸ್ಮರಣಾರ್ಥ ದಾನವಾಗಿ ಕೊಡಲು ಮುಂದೆ ಬಂದರು. ಒಂದು ಫಲಕ ಹಾಕಿದರೆ ಸಾಕು ಎಂದರು. ತಮ್ಮನ ದೃಷ್ಟಿಯಲ್ಲಿ ವಿಷಯ ಇತ್ಯರ್ಥವಾಗಿತ್ತು. ಉಚಿತವಾಗಿ ಬರುವಾಗ 12 ಆದರೇನು, 10 ಆದರೇನು?

ಇಲ್ಲಿ ಟನ್ ಎಂಬ ಮಾತಿನ ಅರ್ಥವನ್ನು ಹೇಳುವುದು ಅಗತ್ಯ. ಇದು ಯಂತ್ರದ ತೂಕವಲ್ಲ. ಹಿಂದೆ ಅಮೆರಿಕದಲ್ಲಿ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದಲ್ಲಿ, ಅವರ ಒಂದು ಟನ್, ಎಂದರೆ 2,000 ಪೌಂಡ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖವನ್ನು ಅಳತೆಗೋಲಾಗಿ ಇಟ್ಟುಕೊಂಡರು. ಇಂದಿನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆ ಕಿಲೋವಾಟ್. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದುದು ಹವಾನಿಯಂತ್ರಣದ ಆರಂಭವೆಂದು ಎಣಿಸಲ್ಪಟ್ಟಿದೆ. ಮನುಷ್ಯರ ಸುಖಕ್ಕಲ್ಲ, ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡದಿರಲೆಂದು. ಒಂದು ಕಟ್ಟಡದೊಳಕ್ಕೆ ಎಲ್ಲಿಂದ ಎಷ್ಟು ಶಾಖ ಬರುತ್ತದೆಂದು ಬಾಬುವಾರು ಕೂಡಿಸುವುದಕ್ಕೆ ಉಷ್ಣಭಾರದ ಲೆಕ್ಕವೆಂದು ಹೆಸರು. ಹಿಂದೆ ಉದ್ದನೆಯ ಮುದ್ರಿತ ಹಾಳೆಯಲ್ಲಿ ಕೈಯಿಂದ ತುಂಬುತ್ತಿದ್ದುದನ್ನು ಈಗ ಗಣಕಯಂತ್ರದ ತಂತ್ರಾಂಶಗಳು ವರ್ಷದ 8,760 ಗಂಟೆಗಳಿಗೂ ಮಾಡಿಕೊಡುತ್ತವೆ. ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಎನರ್ಜಿಪ್ಲಸ್ ಎಂಬುದು 2001ರಿಂದ ಬಳಕೆಗೆ ಬಂದು ಯಾರಿಗೂ ಹಣವಿಲ್ಲದೆ ದೊರೆಯುತ್ತದೆ. ಚಳಿದೇಶಗಳಲ್ಲಿ ಇದೇ ಲೆಕ್ಕವನ್ನು ತಿರುಗಿಸಿ ಎಷ್ಟು ಬಿಸಿ ಮಾಡಬೇಕೆಂದು ನೋಡುತ್ತಾರೆ. ಕುರೆಕುಪ್ಪದ ಪುಷ್ಯಮಾಸಕ್ಕೆ ಒಂದು ಕಂಬಳಿ ಸಾಕು.

ತಮ್ಮನ ಮಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರು. ರಜೆಗೆ ಬಂದವನಿಗೆ ದೊಡ್ಡಪ್ಪನವರು ಲೆಕ್ಕ ಮಾಡಲು ಹೇಳಿದರು. ಹಜಾರದ ಅಳತೆ, ಗೋಡೆ, ಮಾಳಿಗೆ, ಕಿಟಕಿ, ಜನಸಂಖ್ಯೆ ಎಲ್ಲವನ್ನೂ ತುಂಬಿ ಅವನು ತೆಗೆದ ಉತ್ತರ 9 ಟನ್. ವಾಡಿಕೆಯಂತೆ ನೂರಕ್ಕೆ ಇಪ್ಪತ್ತು ಕ್ಷೇಮಾಂಶ ಸೇರಿಸಿದರೆ 11ರ ಹತ್ತಿರ. ಗುತ್ತಿಗೆದಾರರು ನಕ್ಕರು. ಐದು ನಿಮಿಷದಲ್ಲಿ ಹೇಳಿದ್ದನ್ನೇ ಗಣಕಯಂತ್ರ ಎರಡು ದಿನ ತೆಗೆದುಕೊಂಡು ಹೇಳಿತೆಂದರು.

ಅಣ್ಣನವರು ಮೊತ್ತವನ್ನು ಒಪ್ಪಲಿಲ್ಲ. ನಲವತ್ತು ವರ್ಷ ಕಿರ್ದಿ ಬರೆದವರು ಬರಿಯ ಮೊತ್ತವನ್ನು ನಂಬುವುದಿಲ್ಲ. ಖಾತೆವಾರು ವಿವರ ಕೊಡು ಎಂದರು. ಹುಡುಗ ಕೊಟ್ಟ ಪಟ್ಟಿ ಹೀಗಿತ್ತು: ಮಾಳಿಗೆಯಿಂದ ಏಳೂವರೆ ಕಿಲೋವಾಟ್, ಪಶ್ಚಿಮದ ಗಾಜಿನ ಕಿಟಕಿಗಳಿಂದ 3.7, ಗೋಡೆಗಳಿಂದ ಎರಡೂವರೆ, ಜನರಿಂದ ಹನ್ನೊಂದೂವರೆ, ದೀಪಗಳಿಂದ 2, ಉಸಿರಾಟಕ್ಕೆಂದು ಹೊರಗಿನಿಂದ ತರಬೇಕಾದ ಗಾಳಿಯಿಂದ 4.7. ಒಟ್ಟು 31.9. ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನ ದೇಹವೂ ಬೆವರಿನ ತೇವವನ್ನು ಸೇರಿಸಿ ನೂರು ವಾಟ್‌ಗಿಂತ ಸ್ವಲ್ಪ ಹೆಚ್ಚು ಶಾಖವನ್ನು ಬಿಡುತ್ತದೆ ಎಂಬುದನ್ನು ಅಣ್ಣನವರು ಅಂದೇ ತಿಳಿದದ್ದು. ಹಾಗಾದರೆ ಹನ್ನೊಂದೂವರೆ ಎಂದರೆ ನೂರು ಜನ.

“ಮೇ ತಿಂಗಳಲ್ಲಿ ನೂರು ಜನ ಎಲ್ಲಿದ್ದಾರಪ್ಪಾ?” ಎಂದು ಅವರು ಕೇಳಿದರು.

ನೂರು ಜನ ಸೇರುವುದು ದಶಲಕ್ಷಣ ಪರ್ವದ ಹತ್ತು ದಿನ. ಅದು ಭಾದ್ರಪದದಲ್ಲಿ, ಮಳೆಗಾಲದ ನಡುವೆ, ಹೊರಗೆ 30 ಡಿಗ್ರಿಯ ಆಸುಪಾಸು ಇರುವಾಗ. 40 ಡಿಗ್ರಿ ಇರುವಾಗ ಸೇರುವವರು ಇಪ್ಪತ್ತೈದೇ ಮಂದಿ. ವರ್ಷದ ಅತ್ಯಂತ ಬಿಸಿಯಾದ ದಿನವನ್ನೂ ವರ್ಷದ ಅತ್ಯಂತ ದೊಡ್ಡ ಸಭೆಯನ್ನೂ ಒಂದೇ ಸಂಜೆಗೆ ತಂದು ನಿಲ್ಲಿಸಿ, ಎಂದೂ ಇರದ ಒಂದು ದಿನಕ್ಕಾಗಿ ಯಂತ್ರವನ್ನು ಅಳೆಯಲಾಗಿತ್ತು. ತಂತ್ರಾಂಶವು ಸುಳ್ಳು ಹೇಳಿರಲಿಲ್ಲ. ಕೊಟ್ಟದ್ದನ್ನು ಕೂಡಿಸಿತ್ತು, ಅಷ್ಟೆ. ಗುತ್ತಿಗೆದಾರರ ಮನಸ್ಸಿನಲ್ಲಿದ್ದ ಭಯವೇ ಹುಡುಗನ ಕೈಯಿಂದ ಅಂಕಿಗಳಾಗಿ ಒಳಗೆ ಹೋಗಿ, ಅದೇ ಭಯವಾಗಿ ಹೊರಗೆ ಬಂದಿತ್ತು. ದೀಪಗಳ ಬಾಬೂ ಅಂಥದ್ದೇ. ಹಜಾರದಲ್ಲಿರುವ ಎಲ್‌ಇಡಿ ದೀಪಗಳು ಎಲ್ಲ ಸೇರಿ ಅರ್ಧ ಕಿಲೋವಾಟ್ ಮೀರುವುದಿಲ್ಲ. 2 ಎಂಬುದು ತಂತ್ರಾಂಶದಲ್ಲಿ ಮೊದಲೇ ತುಂಬಿಟ್ಟಿದ್ದ ಅಂಕಿ, ಅದನ್ನು ಯಾರೂ ಮುಟ್ಟಿರಲಿಲ್ಲ.

ಉಳಿದದ್ದು ಮಾಳಿಗೆ. ಆ ವಾರ ದೊಡ್ಡಪ್ಪನವರೂ ಹುಡುಗನೂ ಹಂಪಿಗೆ ಹೋಗಿ ಗಾಣಗಿತ್ತಿ ಬಸದಿಯ ದರ್ಶನ ಮಾಡಿದರು. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗನು 1385ರಲ್ಲಿ ಕುಂಥುನಾಥ ಸ್ವಾಮಿಗೆ ಕಟ್ಟಿಸಿದ ಬಸದಿ ಅದು. ಮುಂದಿನ ಕಂಬದ ಶಾಸನ ಇಂದಿಗೂ ಇದೆ. ಬೆಳಗಿನ ಹತ್ತು ಗಂಟೆಯ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಲ್ಲಿನ ತಂಪು ಮೈಗೆ ತಾಗಿತು. ದಪ್ಪನಾದ ಕಲ್ಲು ಶಾಖವನ್ನು ತಡೆಯುವುದಿಲ್ಲ, ತಡಮಾಡುತ್ತದೆ ಎಂದು ಹುಡುಗ ವಿವರಿಸಿದ. ಹಗಲಿನ ಶಾಖ ಒಳಮುಖವನ್ನು ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ರಾತ್ರಿ ಅಲ್ಲಿ ಕುಳಿತುಕೊಳ್ಳುವವರಿಲ್ಲ. ಕುರೆಕುಪ್ಪದ ಹಜಾರದ ಆರು ಅಂಗುಲದ ಕಾಂಕ್ರೀಟ್ ಚಪ್ಪಡಿಯೂ ತಡಮಾಡುತ್ತದೆ, ಆದರೆ ನಾಲ್ಕೈದು ಗಂಟೆ ಮಾತ್ರ. ನಡುಮಧ್ಯಾಹ್ನದ ಬಿಸಿಲು ಸರಿಯಾಗಿ ಸ್ವಾಧ್ಯಾಯದ ಹೊತ್ತಿಗೆ ವೃದ್ಧರ ತಲೆಯ ಮೇಲೆ ಇಳಿಯುತ್ತಿತ್ತು. ತಾಯಿಯವರು ಪ್ರಜ್ಞೆ ತಪ್ಪಿದ ಸಂಜೆಯ ಕಾರಣ ಅಣ್ಣನವರಿಗೆ ಸ್ಪಷ್ಟವಾದದ್ದು ಆ ಬಸದಿಯ ಮಂಟಪದಲ್ಲಿ. ಹಳೆಯ ಕಾಲದವರು ಬೇಸಿಗೆಯ ರಾತ್ರಿ ಮನೆಯೊಳಗೆ ಮಲಗದೆ ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಕೊಳ್ಳುತ್ತಿದ್ದುದು ಈ ತಡದ ಲೆಕ್ಕವನ್ನು ಅನುಭವದಿಂದ ಬಲ್ಲವರಾಗಿದ್ದುದರಿಂದಲೇ ಇರಬೇಕು.

ಆದ್ದರಿಂದ ಯಂತ್ರಕ್ಕಿಂತ ಮೊದಲು ಮಾಳಿಗೆಗೆ ಚಿಕಿತ್ಸೆಯಾಗಬೇಕೆಂದಾಯಿತು: ಚಪ್ಪಡಿಯ ಮೇಲೆ ಎರಡು ಅಂಗುಲದ ಶಾಖನಿರೋಧಕ ಹಲಗೆ, ಅದರ ಮೇಲೆ ಗಾರೆ, ಮೇಲೆ ಬಿಳಿಯ ಹೆಂಚಿನ ಚೂರುಗಳು, ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ನೆರಳು. ಇಷ್ಟಾದರೆ ಏಳೂವರೆ ಇದ್ದ ಮಾಳಿಗೆಯ ಬಾಬು ಒಂದಕ್ಕೆ ಇಳಿಯುತ್ತದೆ, ಕಿಟಕಿಯದು 3.7ರಿಂದ ಒಂದಕ್ಕೆ. ಇಪ್ಪತ್ತೈದು ಮಂದಿಯನ್ನು ಇಟ್ಟುಕೊಂಡು ಹುಡುಗ ಎರಡನೆಯ ಸಲ ಲೆಕ್ಕ ಮಾಡಿದ. ಸುಮಾರು 2 ಟನ್ ಎಂದು ಬಂದಿತು.

ಅಣ್ಣನವರಿಗೆ ಬಹಳ ಸಂತೋಷವಾಯಿತು. 12 ಎಲ್ಲಿ, 2 ಎಲ್ಲಿ! ನೆರೆಹೊರೆಯವರಿಗೆಲ್ಲ ಹೇಳಿದರು. ಒಂದು ಭಾನುವಾರದ ಸ್ವಾಧ್ಯಾಯದಲ್ಲಿ ಅನರ್ಥದಂಡವ್ರತದ ಮೇಲೆ ಪ್ರವಚನವನ್ನೇ ಮಾಡಿಬಿಟ್ಟರು.

ತಪ್ಪನ್ನು ಕಂಡುಹಿಡಿದವನು ತಮ್ಮ. ಅವನು ತಂತ್ರಾಂಶವನ್ನು ಅರಿತವನಲ್ಲ. ಮಗನ ಕಾಗದದ ಮೊದಲ ಸಾಲಿನಲ್ಲಿ ಹವಾಮಾನದ ಊರು ಬೆಂಗಳೂರು ಎಂದಿದ್ದುದನ್ನು ಓದಿದ, ಅಷ್ಟೆ. ಹೊಸ ಕಡತ ತೆರೆದಾಗ ತಂತ್ರಾಂಶವು ಹುಡುಗನ ಕಚೇರಿಯ ಊರನ್ನು ತಾನಾಗಿಯೇ ತೆಗೆದುಕೊಂಡಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನ ಬೇಸಿಗೆ ಎಲ್ಲಿ, ಬಳ್ಳಾರಿಯ ಬೇಸಿಗೆ ಎಲ್ಲಿ? ಊರನ್ನು ತಿದ್ದಿದ ಮೇಲೆ ಪಟ್ಟಿ ಹೀಗಾಯಿತು: ಮಾಳಿಗೆ 1, ಕಿಟಕಿ 1, ಗೋಡೆ 2.2, ಜನ 2.9, ದೀಪ ಅರ್ಧ, ಹೊರಗಿನ ಗಾಳಿ 1.3; ಒಟ್ಟು 8.9 ಕಿಲೋವಾಟ್, ಎಂದರೆ ಎರಡೂವರೆ ಟನ್.

ವ್ಯತ್ಯಾಸ ಅರ್ಧ ಟನ್ ಮಾತ್ರ. ಆದರೂ ಅಣ್ಣನವರನ್ನು ಈ ಅರ್ಧ ಟನ್ ಬಹಳ ದಿನ ಕಾಡಿತು. 9 ಟನ್ ಎಂದಾಗ ಖಾತೆವಾರು ವಿವರ ಕೇಳಿದವರು 2 ಟನ್ ಎಂದಾಗ ಏಕೆ ಕೇಳಲಿಲ್ಲ? ತಮಗೆ ಬೇಡವಾದ ಉತ್ತರವನ್ನು ಪರೀಕ್ಷಿಸಿ, ಬೇಕಾದ ಉತ್ತರವನ್ನು ಕೈಮುಗಿದು ಸ್ವೀಕರಿಸಿದ್ದರು. ಅಸಮೀಕ್ಷೆಯ ದೋಷವನ್ನು ಗುತ್ತಿಗೆದಾರರಲ್ಲಿ ಕಂಡು ಪ್ರವಚನ ಮಾಡಿದ ಬಾಯಿಯೇ ಅದೇ ದೋಷವನ್ನು ಮಾಡಿತ್ತು. ಅದೂ ವ್ರತದ ಹೆಸರಿನಲ್ಲಿ. ಸಣ್ಣ ಯಂತ್ರ ಹಾಕಿ ಮೇ ತಿಂಗಳಲ್ಲಿ ಅದು ಸಾಲದೆ ಹೋಗಿದ್ದರೆ ಅನುಭವಿಸಬೇಕಾದವರು ತಾಯಿ. ಮುಂದಿನ ಭಾನುವಾರ ಅವರು ಸಭೆಯ ಎದುರಿಗೆ ಇದನ್ನು ಹೇಳಿಕೊಂಡರು. ಕೆಲವರಿಗೆ ಇಷ್ಟು ಚಿಕ್ಕ ವಿಷಯಕ್ಕೆ ಆಲೋಚನೆ ಏಕೆಂದು ಅನಿಸಿರಬಹುದು. ಆದರೆ ಅಂಗಡಿಯ ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ಹೊಂದದಿದ್ದರೆ ರಾತ್ರಿಯಿಡೀ ಕೂತು ಹುಡುಕುವವರಿಗೆ ಇದು ಚಿಕ್ಕದಾಗಿ ಕಾಣಲಾರದು.

ತಂತ್ರಾಂಶ ಅರಿಯದ ಇನ್ನೊಂದು ಸಂಗತಿಯನ್ನು ಹೇಳಿದವನೂ ತಮ್ಮನೇ. ಬಿಳಿಯ ಹೆಂಚಿನ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆಂದು ಕಾಗದದಲ್ಲಿದೆ. ಆದರೆ ಸಂಡೂರು ತೋರಣಗಲ್ಲು ಸೀಮೆಯಲ್ಲಿ ಬಿಳಿಯದು ಎಷ್ಟು ದಿನ ಬಿಳಿಯದಾಗಿ ಉಳಿಯುತ್ತದೆ? ಅದಿರಿನ ಕೆಂಪು ಧೂಳು ಒಗೆದ ಬಟ್ಟೆಯನ್ನೂ ಬಿಡುವುದಿಲ್ಲ. ಹೊಸ ಹೆಂಚಿನ ಅಂಕಿಯನ್ನು ಇಡದೆ ಧೂಳು ಕೂತ ಹೆಂಚಿನ ಅಂಕಿಯನ್ನು ಇಟ್ಟು ಮತ್ತೊಮ್ಮೆ ನೋಡಿದರು. ಕೊನೆಗೆ ಒಂದೂವರೆ ಟನ್ನಿನ ಎರಡು ಯಂತ್ರಗಳು ಎಂದು ನಿಶ್ಚಯವಾಯಿತು. ಜನ ಕಡಿಮೆಯಿದ್ದ ದಿನ ಒಂದೇ ಸಾಕು.

ದಶಲಕ್ಷಣದ ನೂರು ಜನರಿಗೆ ಇವು ಸಾಲುವುದಿಲ್ಲ. ಅದನ್ನೂ ಲೆಕ್ಕ ಮಾಡಿ ನೋಡಿದ್ದಾರೆ. ಕಿಟಕಿ ಮುಚ್ಚಿ ಯಂತ್ರವನ್ನೇ ನಂಬುವುದಾದರೆ ಸುಮಾರು 6 ಟನ್ ಬೇಕು, ಏಕೆಂದರೆ ಭಾದ್ರಪದದ ಗಾಳಿ ಬಿಸಿಯಾಗಿರದಿದ್ದರೂ ತೇವವಾಗಿರುತ್ತದೆ. ಆ ಹತ್ತು ದಿನ ಯಂತ್ರವನ್ನು ಹಚ್ಚದೆ, ಎರಡೂ ಕಡೆಯ ಕಿಟಕಿಗಳನ್ನು ತೆರೆದು ಫ್ಯಾನುಗಳನ್ನು ನೆಚ್ಚುವುದೆಂದು ತೀರ್ಮಾನಿಸಿದರು. ದೊಡ್ಡ ಯಂತ್ರ ಇದ್ದಿದ್ದರೆ ಎಲ್ಲ ಕಾಲಕ್ಕೂ ಒದಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಅಳತೆಗೆ ಮೀರಿದ ಯಂತ್ರವು ಕೋಣೆಯನ್ನು ಕ್ಷಣದಲ್ಲಿ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯ ತೇವವನ್ನು ಹಿಂಡುವಷ್ಟು ಹೊತ್ತು ನಡೆಯುವುದೇ ಇಲ್ಲ. ಚಳಿಯೂ ಅಂಟುಅಂಟೂ ಒಟ್ಟಿಗೆ ಇರುವ ಕೋಣೆಗಳು ನಮ್ಮ ಕಲ್ಯಾಣಮಂಟಪಗಳಲ್ಲಿ ಬೇಕಾದಷ್ಟಿವೆ.

ವಿದ್ಯುತ್ತಿನ ಮಾತೂ ಇದೆ. 12 ಟನ್ನಿನ ಯಂತ್ರಗಳು ಪೂರ್ಣ ಬಲದಲ್ಲಿ ನಡೆದರೆ ಗಂಟೆಗೆ ಸುಮಾರು 14 ಯೂನಿಟ್. 3 ಟನ್ನಿಗೆ ಮೂರೂವರೆ. ಕುರೆಕುಪ್ಪದಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡಿತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣುತ್ತವೆ. 1,700 ಮೆಗಾವಾಟ್ ಸಾಮರ್ಥ್ಯದ ಆ ಕೇಂದ್ರ ಕಲ್ಲಿದ್ದಲಿನಿಂದ ನಡೆಯುತ್ತದೆ. ನೆಲ ಅಗೆದು, ಬೆಂಕಿ ಹೊತ್ತಿಸಿ, ನೀರನ್ನು ಆವಿ ಮಾಡಿ, ಗಾಳಿಗೆ ಹೊಗೆ ಬಿಟ್ಟು ಬರುವ ವಿದ್ಯುತ್ತು ಅದು. ಸಮಂತಭದ್ರರು ಎಣಿಸಿದ ನಾಲ್ಕೂ ಅದರಲ್ಲಿವೆ. ಯಂತ್ರವನ್ನು ದಾನವಾಗಿ ಕೊಡುವವರು ಈ ಮುಂದಿನ ವ್ಯಯವನ್ನು ದಾನವಾಗಿ ಕೊಡುವುದಿಲ್ಲ; ಸ್ವೀಕರಿಸುವ ಟ್ರಸ್ಟುಗಳು ಜಮೆಯ ಕಡೆಯನ್ನು ಮಾತ್ರ ಓದಿ ರಸೀದಿ ಬರೆದುಕೊಡುತ್ತವೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಮಂಡಳಿಯವರು 2020ರಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂದು ನಿಯಮ ಮಾಡಿದ್ದಾರೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುತ್ತದೆಂಬುದು ಅವರ ಮಾತು. ಹಜಾರದ ಯಂತ್ರಗಳನ್ನು 26ಕ್ಕೆ ಇಡಲಾಗಿದೆ. ತಾಯಿಯವರು ಶೀತವಾಗುತ್ತದೆಂದು 28ಕ್ಕೆ ಏರಿಸಲು ಹೇಳುತ್ತಾರೆ.

ದಾನಿಗಳಿಗೆ ವಿಷಯವನ್ನು ತಿಳಿಸುವ ಕೆಲಸ ತಮ್ಮನ ಪಾಲಿಗೆ ಬಂದಿತು. 12 ಟನ್ ಬೇಡ, 3 ಸಾಕು, ಉಳಿದ ಹಣವನ್ನು ಮಾಳಿಗೆಯ ಕೆಲಸಕ್ಕೆ ಕೊಡಿ ಎಂದು ಕೇಳಿದಾಗ ಅವರು ಮೊದಲು ಬೇಸರಗೊಂಡರು. ಯಂತ್ರ ನಾಲ್ಕು ಜನರ ಕಣ್ಣಿಗೆ ಕಾಣುತ್ತದೆ. ಮಾಳಿಗೆಯ ಮೇಲಿನ ಹಲಗೆ ಗಾರೆಯ ಕೆಳಗೆ ಹೋಗುತ್ತದೆ. ಎರಡು ತಿಂಗಳ ನಂತರ ಒಪ್ಪಿದರು. ಕೆಲಸ ಮುಗಿದು ಒಂದು ಬೇಸಿಗೆ ಕಳೆದಿದೆ. ತಿಂಗಳಿಗೊಮ್ಮೆ, ಇರುವೆಗಳು ಓಡಾಡದ ಹೊತ್ತು ನೋಡಿ, ಅಣ್ಣನವರು ಮೆತ್ತನೆಯ ಪೊರಕೆಯಿಂದ ಹೆಂಚಿನ ಮೇಲಿನ ಕೆಂಪು ಧೂಳನ್ನು ತಾವೇ ಗುಡಿಸುತ್ತಾರೆ. ದಾನಿಗಳ ತಂದೆಯವರ ಹೆಸರಿನ ಫಲಕ ಸಿದ್ಧವಾಗಿ ಅಂಗಡಿಯಲ್ಲಿದೆ. ಅದನ್ನು ಯಂತ್ರದ ಪಕ್ಕದಲ್ಲಿ ಹಾಕಬೇಕೆಂದು ತಮ್ಮ, ದಾನ ಸಂದದ್ದು ಮಾಳಿಗೆಗಾದ್ದರಿಂದ ಅಲ್ಲಿಗೆ ಹತ್ತುವ ಮೆಟ್ಟಿಲಿನ ಬಳಿ ಹಾಕಬೇಕೆಂದು ಅಣ್ಣ, ಇನ್ನೂ ತೀರ್ಮಾನವಾಗಿಲ್ಲ.